ಕಸಕ್ಕೂ ಒಂದು ಹೆಸರು

ನಮ್ಮ ಹಿರಿಯರ ಮನೆಗಳಲ್ಲಿ 'ಕಸ' ಎಂಬ ಒಂದೇ ಪದಾರ್ಥ ಇರಲಿಲ್ಲವೆಂದರೆ ವಾಚಕರು ನಕ್ಕಾರು. ಆದರೆ ಅವರಾಡುತ್ತಿದ್ದ ಮಾತನ್ನು ನೆನೆದು ನೋಡಿದರೆ ಇದು ದಿಟವೆಂದು ತಿಳಿಯುವುದು. ಒಲೆಯಿಂದ ತೆಗೆದುದು ಬೂದಿ. ಅಕ್ಕಿ ತೊಳೆದ ನೀರೂ ಪಾತ್ರೆಯ ತಳದಲ್ಲುಳಿದ ಅನ್ನವೂ ಕೂಡಿದರೆ ಮುಸುರೆ. ಎಲೆಯ ಮೇಲೆ ಬಿಟ್ಟುದು ಎಂಜಲು. ದೇವರ ಮುಡಿಯಿಂದಿಳಿದ ಹೂವು ನಿರ್ಮಾಲ್ಯ. ಭತ್ತದಿಂದ ಬಂದುದು ಹೊಟ್ಟು, ತೌಡು. ಹರಿದ ಬಟ್ಟೆ ಚಿಂದಿ. ಓದಿ ಮುಗಿದ ಕಾಗದ ರದ್ದಿ. ಮುರಿದ ಕಬ್ಬಿಣ ಗುಜರಿ. ಹೆಸರು ಬೇರೆಯಾದುದರಿಂದ ಹಾದಿಯೂ ಬೇರೆಯಾಗಿತ್ತು. ಬೂದಿ ಪಾತ್ರೆ ಬೆಳಗುವುದಕ್ಕೆ, ಮುಸುರೆ ಎಮ್ಮೆಗೆ, ನಿರ್ಮಾಲ್ಯ ಗಿಡದ ಬುಡಕ್ಕೆ, ಹಳೆಯ ಸೀರೆ ಕೌದಿಗೆ, ರದ್ದಿ ಅಂಗಡಿಯ ಪೊಟ್ಟಣಕ್ಕೆ. ಯಾವ ಹಾದಿಯೂ ಕಾಣದೆ ಉಳಿದುದಷ್ಟೇ ಕಸವೆನಿಸಿಕೊಂಡು ತಿಪ್ಪೆಯನ್ನು ಸೇರುತ್ತಿತ್ತು. ಅದಾದರೂ ಮುಂಗಾರಿಗೆ ಮೊದಲು ಗೊಬ್ಬರವಾಗಿ ಹೊಲಕ್ಕೆ ಹೊರಟುಬಿಡುತ್ತಿತ್ತು.

ಈಗ ಅಡುಗೆಮನೆಯ ಮೂಲೆಯಲ್ಲಿ ಒಂದೇ ಒಂದು ಬಕೆಟ್ಟು ಬಂದು ಕುಳಿತಿದೆ. ನಂದಿನಿ ಹಾಲಿನ ಚೀಲ, ಬದನೆಕಾಯಿಯ ತೊಟ್ಟು, ಔಷಧದ ಸೀಸೆ, ಒಡೆದ ಬಳೆ, ಮಗುವಿನ ಬಿಸ್ಕತ್ತಿನ ಹೊದಿಕೆ, ನಿನ್ನೆಯ ಸಾರು, ಎಲ್ಲವೂ ಆ ಮಹಾಸಂಗಮದಲ್ಲಿ ತಮ್ಮ ಹೆಸರನ್ನು ಕಳೆದುಕೊಳ್ಳುತ್ತವೆ. ಬೇರೆ ಬೇರೆಯಾಗಿದ್ದಾಗ ಒಂದೊಂದಕ್ಕೂ ಬೆಲೆಯಿತ್ತು. ಬೆರೆತ ಮೇಲೆ ಯಾವುದಕ್ಕೂ ಬೆಲೆಯಿಲ್ಲ. ಒಣಗಿದ ಪತ್ರಿಕೆಯನ್ನು ರದ್ದಿಯವನು ತೂಗಿ ಕೊಳ್ಳುತ್ತಾನೆ. ಸಾರಿನಲ್ಲಿ ತೊಯ್ದುದನ್ನು ಮುಟ್ಟುವುದಿಲ್ಲ.

ಸರಕಾರವು ೨೦೧೬ರಲ್ಲಿ ಹೊರಡಿಸಿದ ಘನತ್ಯಾಜ್ಯ ನಿರ್ವಹಣಾ ನಿಯಮಗಳು ಹಸಿ, ಒಣ, ಅಪಾಯಕರ ಎಂದು ಮನೆಯಲ್ಲಿಯೇ ಮೂರು ಬಗೆ ಮಾಡಬೇಕೆಂದು ವಿಧಿಸಿದಾಗ, ನಮ್ಮ ಬಳ್ಳಾರಿಯ ಓಣಿಗಳಲ್ಲಿ ಎದ್ದ ಪ್ರಶ್ನೆ ಒಂದೇ: "ಇರೋವು ಎರಡು ಕೋಣೆ, ಮೂರು ಬುಟ್ಟಿ ಎಲ್ಲಿಡೋಣ್ರೀ ಮೇಷ್ಟ್ರೇ?" ಪ್ರಶ್ನೆ ನ್ಯಾಯವಾದುದೇ. ಬ್ರೂಸ್ ಪೇಟೆಯಲ್ಲಾಗಲಿ, ಕೌಲ್ ಬಜಾರಿನಲ್ಲಾಗಲಿ ಬಾಡಿಗೆಯ ಮನೆಗೆ ಹಿತ್ತಿಲೆಲ್ಲಿ? ಬೇಸಗೆಯಲ್ಲಿ ಉಷ್ಣಾಂಶ ನಲವತ್ತನ್ನು ದಾಟುವ ಊರಿನಲ್ಲಿ, ಅಡುಗೆಯ ಕಸ ಒಂದು ರಾತ್ರಿ ಕಳೆದರೆ ಮನೆಮಂದಿಯೇ ಹೊರಗೆ ಮಲಗಬೇಕಾದೀತು.

ಆದರೆ ಸ್ವಲ್ಪ ಯೋಚಿಸಿದರೆ, ಜಾಗವನ್ನು ತಿನ್ನುವುದು ವಿಂಗಡಣೆಯಲ್ಲ, ಬೆರಕೆ. ನಾರುವುದು ಹಸಿ ಕಸವೊಂದೇ. ಅದು ಸೋಂಕದೆ ಇದ್ದರೆ ಒಣ ವಸ್ತುಗಳು ಹದಿನೈದು ದಿನ ಮೂಲೆಯಲ್ಲಿದ್ದರೂ ಯಾರಿಗೂ ಉಪದ್ರವವಿಲ್ಲ. ಅಲ್ಲದೆ ನಾವು ಕೂಡಿಡುವುದರಲ್ಲಿ ಬಹುಭಾಗ ಬರಿಯ ಗಾಳಿ. ನೀರಿನ ಸೀಸೆಯನ್ನು ತುಳಿದು ಚಪ್ಪಟೆ ಮಾಡಿ ಬಿರಟೆ ಹಾಕಿದರೆ, ರಟ್ಟಿನ ಪೆಟ್ಟಿಗೆಯನ್ನು ಬಿಚ್ಚಿ ಮಡಿಸಿದರೆ, ಪತ್ರಿಕೆಗಳನ್ನು ಅಂದಂದೇ ಮಟ್ಟಸವಾಗಿ ಪೇರಿಸಿ ಮಂಚದ ಕೆಳಗೆ ತಳ್ಳಿದರೆ, ಗುಡ್ಡದಷ್ಟಿದ್ದುದು ಗುಬ್ಬಿಯಷ್ಟಾಗುತ್ತದೆ.

ಬುಟ್ಟಿಯನ್ನು ಕೊಳ್ಳಬೇಕಾದುದೂ ಇಲ್ಲ. ಸಿರುಗುಪ್ಪದ ಸೋನಾಮಸೂರಿಯನ್ನು ತುಂಬಿಕೊಂಡು ಬಂದ ಇಪ್ಪತ್ತೈದು ಕಿಲೋ ಚೀಲ ನಮ್ಮಲ್ಲಿ ಯಾವ ಮನೆಯಲ್ಲಿಲ್ಲ? ಹಗುರ, ಗಟ್ಟಿ, ತೊಳೆದರೆ ಒಂದು ಗಳಿಗೆಯಲ್ಲಿ ಒಣಗುವಂಥದು. ಬಾಗಿಲ ಹಿಂದೆ ಎರಡು ಮೊಳೆ ಹೊಡೆದು ಎರಡು ಚೀಲ ತೂಗುಹಾಕಿದರಾಯಿತು: ಒಂದಕ್ಕೆ ಪ್ಲಾಸ್ಟಿಕ್ಕು, ಇನ್ನೊಂದಕ್ಕೆ ತಗಡು ಮತ್ತು ಗಾಜು. ನೆಲದ ಮೇಲಿಲ್ಲದುದರಿಂದ ಇಲಿ ಜಿರಲೆಗಳಿಗೂ ಅದು ದೂರ. ಒಡೆದ ಗಾಜನ್ನು ಮಾತ್ರ ದಪ್ಪ ಕಾಗದದಲ್ಲಿ ಸುತ್ತಿ, ಮೇಲೆ 'ಗಾಜು' ಎಂದು ಬರೆದು ಬೇರೆಯಾಗಿ ಕೊಡಬೇಕು. ಸೆಲ್ಲು, ಸುಟ್ಟ ಬಲ್ಬು, ಅವಧಿ ಮುಗಿದ ಮಾತ್ರೆ ಇವುಗಳಿಗೆ ಮಕ್ಕಳ ಕೈಗೆಟುಕದ ಅಟ್ಟದ ಮೇಲೊಂದು ಹಳೆಯ ಡಬ್ಬಿ.

ಹಾಲಿನ ಚೀಲದ ವಿಷಯ ಎರಡು ಮಾತು. ಮೂಲೆಯನ್ನು ಪೂರ್ತಿ ಕತ್ತರಿಸಿ ಎಸೆಯಬಾರದು. ಆ ಚೂರನ್ನು ಆಯ್ದುಕೊಳ್ಳುವವರು ಯಾರೂ ಇಲ್ಲ, ಅದು ಚರಂಡಿಗೇ ಸೇರುವುದು. ಚೂರು ಚೀಲಕ್ಕೆ ಅಂಟಿಕೊಂಡೇ ಇರುವಂತೆ ಸೀಳಿ, ಹಾಲನ್ನು ಸುರಿದುಕೊಂಡು, ಚೀಲವನ್ನು ಜಾಲಿಸಬೇಕು. ನಲ್ಲಿಯ ನೀರು ದಿನವೂ ಬಾರದ ನಮ್ಮಂಥವರು ಇದಕ್ಕೆಂದು ಹೊಸ ನೀರನ್ನು ವ್ಯಯಿಸಬೇಕಾದುದಿಲ್ಲ. ತರಕಾರಿ ತೊಳೆದ ನೀರೇ ಸಾಕು. ನಮ್ಮ ಬಳ್ಳಾರಿಯ ಬಿಸಿಲು ಈ ಒಂದು ಕೆಲಸದಲ್ಲಾದರೂ ನಮ್ಮ ಮಿತ್ರ: ಕಿಟಕಿಯ ಸರಳಿಗೆ ಸಿಕ್ಕಿಸಿದ ಚೀಲ ಕಾಫಿ ಕುಡಿದು ಮುಗಿಸುವಷ್ಟರಲ್ಲಿ ಒಣಗಿರುತ್ತದೆ. ಒಳಗೆ ಬೆಳ್ಳಿಯಂತೆ ಹೊಳೆಯುವ ಕುರುಕಲು ತಿಂಡಿಯ ಹೊದಿಕೆ ಹಾಗಲ್ಲ. ಪ್ಲಾಸ್ಟಿಕ್ಕೂ ಲೋಹದ ಪೊರೆಯೂ ಅದರಲ್ಲಿ ಬಿಡಿಸಲಾಗದಂತೆ ಬೆಸೆದಿರುವುದರಿಂದ ಗುಜರಿಯವನಿಗೆ ಅದು ಬೇಡ. ಅದನ್ನು ಪಾಲಿಕೆಯ ಗಾಡಿಯ ಒಣ ಕಸಕ್ಕೇ ಹಾಕಬೇಕು. ಅದಕ್ಕಿಂತ, ಕೊಳ್ಳುವುದನ್ನೇ ಕಡಮೆ ಮಾಡುವುದು ಮೇಲು.

ಹಸಿ ಕಸವನ್ನು ದಿನಂಪ್ರತಿ ಗಾಡಿಗೆ ಕೊಟ್ಟುಬಿಡುವುದು ಸುಲಭ. ಮಾಳಿಗೆಯ ಮೇಲೆ ನೆರಳಿರುವ ಒಂದು ಮೊಳ ಜಾಗವಿದ್ದರೆ, ತಳದಲ್ಲಿ ತೂತುಗಳಿರುವ ಮಣ್ಣಿನ ಮಡಕೆಯಲ್ಲಿ ಒಂದು ಪದರ ತರಕಾರಿಯ ಸಿಪ್ಪೆ, ಒಂದು ಪದರ ಒಣ ಎಲೆ, ಮೇಲಿಷ್ಟು ಹುಳಿ ಮಜ್ಜಿಗೆ ಹಾಕುತ್ತ ಬಂದರೆ ಎರಡು ಮೂರು ತಿಂಗಳಲ್ಲಿ ತುಳಸಿಗೆ ಗೊಬ್ಬರ ಸಿದ್ಧ. ಬೇಸಗೆಯಲ್ಲಿ ಅದು ಒಣಗಿ ಹೋಗದಂತೆ ಆಗಾಗ ನೀರು ಚಿಮುಕಿಸಬೇಕು; ಅತಿಯಾದರೆ ನಾರುತ್ತದೆ.

ಇಷ್ಟೆಲ್ಲ ವ್ಯವಸ್ಥೆಯನ್ನು ಕೆಡಿಸುವ ಶತ್ರುವೊಂದು ಮನೆಯಲ್ಲಿಯೇ ಇದೆ. ಅದರ ಹೆಸರು 'ಬೇಕಾದೀತು'. ಸಿಹಿತಿಂಡಿಯ ಡಬ್ಬಿ ಬೇಕಾದೀತು, ತುಂಡು ದಾರ ಬೇಕಾದೀತು, ಕೆಟ್ಟ ಫ್ಯಾನು ಬೇಕಾದೀತು. ಈ ಒಂದು ಕ್ರಿಯಾಪದದಿಂದ ಎಷ್ಟು ಅಟ್ಟಗಳು ಕುಸಿಯುವ ಸ್ಥಿತಿಗೆ ಬಂದಿವೆಯೋ ಬಲ್ಲವರಾರು? ಆದುದರಿಂದ ಗುಜರಿಗೆ ಕೊಡುವ ದಿನವನ್ನು ಗೊತ್ತುಮಾಡಿಕೊಳ್ಳಬೇಕು. ಎರಡು ವಾರಕ್ಕೊಂದು ಭಾನುವಾರವೆಂದರೆ ಅಂದು ಚೀಲ ಬರಿದಾಗಲೇಬೇಕು. ಬಂದ ಹಣ ಮಕ್ಕಳ ಹುಂಡಿಗೆ ಹೋಗುವುದಾದರೆ ಆ ದಿನವನ್ನು ಅವರೇ ಮರೆಯಗೊಡುವುದಿಲ್ಲ.

ಇದರಿಂದ ನಮಗೇನು ಲಾಭವೆಂದು ಕೇಳುವವರುಂಟು. ಬೆಳಗಿನ ಜಾವ ನಮ್ಮ ಬಕೆಟ್ಟಿಗೆ ಕೈ ಹಾಕುವ ಪೌರಕಾರ್ಮಿಕಳ ಬೆರಳನ್ನು ಅವರು ನೋಡಿಲ್ಲ. ಅನ್ನದ ವಾಸನೆಗೆ ಗಂಟು ಕಟ್ಟಿದ ಪ್ಲಾಸ್ಟಿಕ್ ಚೀಲವನ್ನೇ ನುಂಗುವ ಬೀದಿಯ ಹಸುವನ್ನು ನೋಡಿಯೂ ನೋಡಿಲ್ಲ. ಕುರುಗೋಡಿನಲ್ಲಿ ದೊಡ್ಡಬಸವೇಶ್ವರನ ಸನ್ನಿಧಿಯಲ್ಲಿ ಬೃಹತ್ ನಂದಿಗೆ ಕೈಮುಗಿದು, ಹಿಂದಿರುಗುವಾಗ ಜೀವಂತ ನಂದಿಯ ಮುಂದೆ ಆ ಚೀಲವನ್ನೆಸೆಯುವ ಭಕ್ತಿ ಎಂಥದು? ಅದೇ ಸೀಮೆಯ ಹೊಲಗಳಿಗೆ ತಿಪ್ಪೆಯ ಗೊಬ್ಬರದೊಡನೆ ಪ್ಲಾಸ್ಟಿಕ್ಕೂ ಹೋಗಿ, ಹರಗುವಾಗ ಕುಂಟೆಗೆ ತೊಡರಿಕೊಳ್ಳುತ್ತದೆ. ತಿಪ್ಪೆ ಜೀರ್ಣಿಸಿಕೊಳ್ಳಲಾರದ ವಸ್ತುವನ್ನು ಭೂಮಿಯೂ ಜೀರ್ಣಿಸಿಕೊಳ್ಳಲಾರದು.

ನಮ್ಮ ಜಿಲ್ಲೆಗೆ ಈ ವಿಷಯದಲ್ಲಿ ಒಂದು ಪ್ರಾಚೀನ ಪಾಠವಿದೆ. ಕುಡತಿನಿಯ ಬಳಿಯ ಬೂದಿದಿಬ್ಬ ಪ್ರಸಿದ್ಧವಾದುದು. ಇಂಥ ದಿಬ್ಬಗಳ ವಿಷಯದಲ್ಲಿ ಜನರು ಪುರಾಣಗಳನ್ನು ಹೆಣೆದರು. ಹಂಪೆಯ ಬಳಿಯ ನಿಂಬಾಪುರದ ದಿಬ್ಬವನ್ನು ವಾಲಿಯ ಚಿತಾಭಸ್ಮವೆಂದರು. ಹಿಂದಿನ ಶತಮಾನಗಳ ಪಂಡಿತರೂ ತರ್ಕಿಸಿದರು. ರಾಬರ್ಟ್ ಬ್ರೂಸ್ ಫೂಟ್ ಅದು ಸುಟ್ಟ ಸಗಣಿಯ ಬೂದಿಯೆಂದರು. ಮುಂದಿನ ಶೋಧಗಳು ಅದನ್ನೇ ಸ್ಥಿರಪಡಿಸಿದುವು. ನಾಲ್ಕೈದು ಸಾವಿರ ವರ್ಷಗಳ ಹಿಂದಿನ ದನಗಾಹಿಗಳು ಒಂದೆಡೆ ಕೂಡಿಹಾಕಿದ ಸಗಣಿ ಅದು. ಸಿರುಗುಪ್ಪ ತಾಲ್ಲೂಕಿನ ತೆಕ್ಕಲಕೋಟೆಯಲ್ಲಿ ೧೯೬೩-೬೪ರಲ್ಲಿ ಉತ್ಖನನ ನಡೆದಾಗಲೂ, ಆ ಕಾಲದ ಜನ ಬಳಸಿ ಬಿಟ್ಟುಹೋದ ವಸ್ತುಗಳಿಂದಲೇ ಅವರ ಬದುಕನ್ನು ಓದಬೇಕಾಯಿತು. ಅವರು ಗ್ರಂಥವನ್ನು ಬರೆಯಲಿಲ್ಲ; ಅವರ ಕಸವೇ ಅವರ ಗ್ರಂಥ.

ನಾವೂ ಬರೆಯುತ್ತಲೇ ಇದ್ದೇವೆ. ಊರ ಹೊರಗಿನ ನಮ್ಮ ದಿಬ್ಬವನ್ನು ಮುಂದೆ ಅಗೆಯುವವರು ಈ ಜನ ಹಸಿ ಯಾವುದು ಒಣ ಯಾವುದು ಎಂಬುದನ್ನೂ ಅರಿಯದವರೆಂದು ಓದಬೇಕೆ? ಅದು ಬೇಡವಾದರೆ, ಬಾಗಿಲ ಹಿಂದೆ ಹೊಡೆಯಬೇಕಾದುದು ಎರಡೇ ಮೊಳೆ.