ಅರಸನ ಕುಂಬಾರರು

ಬೈಬಲಿನ ಪೂರ್ವಕಾಲವೃತ್ತಾಂತ ಮೊದಲನೆಯ ಭಾಗದ ಆರಂಭದ 9 ಅಧ್ಯಾಯಗಳು ಬಹುಪಾಲು ವಂಶಾವಳಿ. ಆ ಉದ್ದನೆಯ ಪಟ್ಟಿಯ ನಡುವೆ, 4ನೇ ಅಧ್ಯಾಯದ 23ನೇ ವಚನದಲ್ಲಿ, ನೆಟಾಯಿಮ್ ಮತ್ತು ಗೆದೇರ ಎಂಬ ಊರುಗಳ ಕುಂಬಾರರು ಬರುತ್ತಾರೆ. ಅರಸನ ಕೆಲಸಕ್ಕಾಗಿ ಅವರು ಅಲ್ಲಿಯೇ ನೆಲೆಸಿದ್ದರು ಎಂಬುದಷ್ಟೇ ವಿವರ. ನೆಟಾಯಿಮ್ ಹೆಸರು ಬೈಬಲಿನಲ್ಲಿ ಮತ್ತೆಲ್ಲೂ ಬರುವುದಿಲ್ಲ.

ಮಣ್ಣು ಹದಮಾಡುವಾಗ ಕುಂಬಾರನನ್ನು ಯಾರೂ ನೋಡುವುದಿಲ್ಲ. ಆದರೆ ಹದ ತಪ್ಪಿದರೆ ಗಡಿಗೆ ಬಿರುಕು ಬಿಡುತ್ತದೆ. ತುಂಬಿದ ಎಣ್ಣೆ ಸೋರಿಹೋಗುತ್ತದೆ.

ಹೆಚ್ಚು ಅಂಕ ಪಡೆದವರ ಫೋಟೋ ಪತ್ರಿಕೆಯಲ್ಲಿ ಬರುತ್ತದೆ. ದಿನವೂ ತಪ್ಪದೆ ಓದಿ, ನಕಲು ಮಾಡದೆ, ಸಾಧಾರಣ ಅಂಕ ತಂದ ವಿದ್ಯಾರ್ಥಿಯದು ಬರುವುದಿಲ್ಲ. ಅಂಕಪಟ್ಟಿಗೆ ಸಹಿ ಹಾಕುವ ತಂದೆ ತಾಯಿಯಾದರೂ ಆ ಪ್ರಾಮಾಣಿಕತೆಯನ್ನು ಗುರುತಿಸಬೇಕು. ಇಲ್ಲವಾದರೆ ಮಗು ನಾಳೆ ಅಂಕವನ್ನಷ್ಟೇ ನಂಬೀತು.

ಆ ವಚನದಲ್ಲಿ ಅರಸನ ಹೆಸರಿಲ್ಲ. ಕುಂಬಾರರ ಸೇವೆ ಇದೆ.