ಇಂಟರ್ನಲ್ಸ್ ವಾರವೇ ರೆಸ್ಟ್ ವಾರ

ಪ್ರತಿ ಭಾನುವಾರ ನಂದಿ ಬೆಟ್ಟ ಹತ್ತಿ ಸ್ಟ್ರಾವಾದಲ್ಲಿ ಹಾಕೋದು ಟ್ರೈನಿಂಗ್ ಅಲ್ಲ ಕಣ್ರಪ್ಪಾ, ಪಿಕ್ನಿಕ್. ಈ ಸೀಸನ್‌ನಲ್ಲಿ ನಿಮಗೆ ಏನು ಬೇಕು ಅಂತ ಮೊದಲು ತೀರ್ಮಾನಿಸಿ. 200 ಕಿ.ಮೀ. ಬ್ರೆವೆ ಅಂದ್ರೆ 13 ಗಂಟೆ 30 ನಿಮಿಷದೊಳಗೆ ಮುಗಿಸಬೇಕು. ಅಲ್ಲಿ ಬೇಕಿರೋದು ದಿನವಿಡೀ ಸೀಟಿನ ಮೇಲೆ ಕೂರೋ ತಾಕತ್ತು, ನಂದಿಯ ಟೈಮಿಂಗ್ ಅಲ್ಲ.

ಆ ದಿನದಿಂದ ಹಿಂದಕ್ಕೆ ಎಣಿಸಿ: ಕೊನೆಯ ವಾರ ಹಗುರ, ಅದಕ್ಕೂ ಮುಂಚೆ ಉದ್ದದ ರೈಡ್‌ಗಳು, ಅದಕ್ಕೂ ಹಿಂದೆ ಮಾತಾಡ್ತಾ ತುಳಿಯೋವಷ್ಟು ನಿಧಾನದ ವಾರಗಳು. ಮೂರು ವಾರ ಏರಿಸಿ ನಾಲ್ಕನೇ ವಾರ ಇಳಿಸೋದು ಹಳೇ ಪದ್ಧತಿ. ಆ ಇಳಿಕೆಯನ್ನ ಇಂಟರ್ನಲ್ಸ್ ವಾರಕ್ಕೇ ಕೂರಿಸಿ. ಕಾಲು ಗಟ್ಟಿಯಾಗೋದು ವಿಶ್ರಾಂತಿಯಲ್ಲಿ. ರಾತ್ರಿಯೆಲ್ಲ ಓದಿ ಬೆಳಗ್ಗೆ ಬೆಟ್ಟ ಹತ್ತಿದ್ರೆ ಎರಡೂ ಕೈಕೊಡುತ್ತೆ. ನೆಟ್‌ನಲ್ಲಿ ಸಿಗೋ ಪ್ಲಾನ್‌ಗಳಿಗೆ ನಮ್ಮ ಸೆಮಿಸ್ಟರ್ ಗೊತ್ತಿಲ್ಲ. ಪರೀಕ್ಷೆಯ ತಾರೀಖು ನೋಡ್ಕೊಂಡೇ ಬ್ರೆವೆಗೆ ದುಡ್ಡು ಕಟ್ಟಿ.