ಒಪ್ಪಿಗೆಯ ಮಾತುಗಳು

ಮದುವೆಯ ಇಂಗ್ಲಿಷ್ ಕಲಿಸುವ ಪಾಠಗಳಲ್ಲಿ ಬ್ರೈಡ್, ಗ್ರೂಮ್, ಬೊಕೆ, ಗೌನ್, ಕೇಕ್, ಹನಿಮೂನ್ ಇದ್ದೇ ಇರುತ್ತವೆ. ಇವು ಬೇಡವೆಂದು ನಾನು ಹೇಳುವುದಿಲ್ಲ. ಆದರೆ ಇವುಗಳಲ್ಲಿ ಹೆಚ್ಚಿನವು ದುಡ್ಡು ಕೊಟ್ಟು ತರುವ ವಸ್ತುಗಳ ಹೆಸರು. ಬಿಳಿ ಗೌನಿನ ರೂಢಿಯೂ ಅಷ್ಟೇನೂ ಹಳೆಯದಲ್ಲ. 1840ರಲ್ಲಿ ವಿಕ್ಟೋರಿಯಾ ರಾಣಿ ಬಿಳಿ ಉಡುಪಿನಲ್ಲಿ ಆಲ್ಬರ್ಟನ ಕೈಹಿಡಿದ ಮೇಲೆಯೇ ಅದು ಉಳ್ಳವರ ಮನೆಗಳಲ್ಲಿ ಹಬ್ಬುತ್ತ ಹೋಯಿತು. ಅದಕ್ಕೂ ಶತಮಾನಗಳ ಹಿಂದಿನ ಪದಗಳು ಬೇರೆ ಇವೆ: ಬ್ಯಾನ್ಸ್, ಇಂಪೆಡಿಮೆಂಟ್, ವಿಟ್‌ನೆಸ್, ವವ್. ಇಂಗ್ಲಿಷರ ಮದುವೆ ನಿಂತಿರುವುದು ಇವುಗಳ ಮೇಲೆ. ಪಾಠದಲ್ಲಿ ಮೊದಲು ಬರಬೇಕಾದವೂ ಇವೇ.

ಮದುವೆಗೆ ಮುಂಚೆ ಮೂರು ಭಾನುವಾರ ಚರ್ಚಿನಲ್ಲಿ ಗಂಡು ಹೆಣ್ಣಿನ ಹೆಸರು ಓದಿ, ಅಡ್ಡಿಯೇನಾದರೂ ಗೊತ್ತಿದ್ದವರು ಮುಂದೆ ಬಂದು ತಿಳಿಸಲಿ ಎಂದು ಸಾರುತ್ತಾರಲ್ಲ, ಅದು ಬ್ಯಾನ್ಸ್. ಮದುವೆಯನ್ನು ಹೀಗೆ ಮೊದಲೇ ಸಾರಬೇಕೆಂದು 1215ರ ಲ್ಯಾಟರನ್ ಧರ್ಮಸಭೆ ಪಶ್ಚಿಮದ ಚರ್ಚಿಗೆಲ್ಲ ವಿಧಿಸಿತ್ತು. ಕಾನೂನು ಒಪ್ಪುವ ಅಡ್ಡಿಯೇ ಇಂಪೆಡಿಮೆಂಟ್. ಷಾರ್ಲಟ್ ಬ್ರಾಂಟೆಯ ‘ಜೇನ್ ಏರ್’ ಕಾದಂಬರಿಯಲ್ಲಿ ಪಾದ್ರಿ ಇದೇ ಪ್ರಶ್ನೆ ಕೇಳಿದಾಗ, ಮದುಮಗನಿಗೆ ಮೊದಲ ಹೆಂಡತಿ ಬದುಕಿದ್ದಾಳೆ ಎಂದು ವಕೀಲನೊಬ್ಬ ಎದ್ದು ನುಡಿಯುತ್ತಾನೆ. ಮದುವೆ ಅಲ್ಲಿಗೇ ನಿಲ್ಲುತ್ತದೆ. ಆ ಒಂದು ಪದದ ತೂಕ ತಿಳಿಯದವರಿಗೆ ಈ ಸನ್ನಿವೇಶ ಬರೀ ಗಲಾಟೆಯಾಗಿ ಕಾಣುತ್ತದೆ.

ನಮ್ಮ ಕಾಲೇಜುಗಳಲ್ಲಿ ಇಂಗ್ಲಿಷ್ ಸಾಹಿತ್ಯ ಓದುವವರಿಗೆ ‘ಪ್ರೈಡ್ ಅಂಡ್ ಪ್ರೆಜುಡಿಸ್’ ಹೊಸದಲ್ಲ. ಅದರಲ್ಲಿ ಲಿಡಿಯಾ ಎಂಬ ಹುಡುಗಿ ವಿಕಮ್‌ನೊಂದಿಗೆ ಓಡಿಹೋಗುವಾಗ ಸ್ಕಾಟ್ಲೆಂಡಿನ ಗಡಿಯೂರಾದ ಗ್ರೆಟ್ನಾ ಗ್ರೀನ್‌ಗೆ ಹೊರಟಿದ್ದೇನೆಂದು ಬರೆದಿಟ್ಟಿರುತ್ತಾಳೆ. ಅವರು ಸ್ಕಾಟ್ಲೆಂಡಿನ ಕಡೆಗೆ ಹೋಗಿಯೇ ಇಲ್ಲ ಎಂಬ ಸುದ್ದಿ ಬಂದಾಗ ಮನೆಯವರ ಎದೆ ಒಡೆಯುತ್ತದೆ. ಯಾಕೆ? ಹಾರ್ಡ್‌ವಿಕ್ ಪ್ರಭುವಿನ 1753ರ ಕಾಯ್ದೆಯ ಪ್ರಕಾರ ಇಂಗ್ಲೆಂಡಿನಲ್ಲಿ ಮದುವೆಗೆ ಬ್ಯಾನ್ಸ್ ಇಲ್ಲವೇ ಲೈಸೆನ್ಸ್ ಬೇಕಿತ್ತು, ಚರ್ಚಿನ ವಿಧಿ ಬೇಕಿತ್ತು, ಸಾಕ್ಷಿಗಳ ಸಹಿ ಬೇಕಿತ್ತು. 21 ತುಂಬದವರ ಮದುವೆಯನ್ನು ಹೆತ್ತವರು ತಡೆಯಬಹುದಿತ್ತು. ಸ್ಕಾಟ್ಲೆಂಡಿಗೆ ಈ ಕಾಯ್ದೆ ಅನ್ವಯಿಸುತ್ತಿರಲಿಲ್ಲ. ಗಡಿ ದಾಟಿದರೆ ಸಾಕ್ಷಿಗಳ ಎದುರು ಒಪ್ಪಿಗೆ ಹೇಳಿದರೂ ಸಾಕಿತ್ತು. ಹುಡುಗಿ ಗ್ರೆಟ್ನಾ ಗ್ರೀನ್‌ಗೆ ಹೋಗಿದ್ದರೆ ಮದುವೆಯಾದರೂ ಆಗುತ್ತಿತ್ತು. ಮನೆಯವರು ಅಂಜಿದ್ದು ಅದೂ ಇಲ್ಲವಾಯಿತಲ್ಲ ಎಂದು.

ಇನ್ನು ಸಿನಿಮಾ ನೋಡಿ ಎಲ್ಲರೂ ಕಲಿತಿರುವ ‘ಐ ಡು’. ಇಂಗ್ಲೆಂಡಿನ ಚರ್ಚಿನ ವಿಧಿಯಲ್ಲಿ, 1549ರ ಪ್ರಾರ್ಥನಾ ಪುಸ್ತಕದಿಂದ ಹಿಡಿದು ಇಂದಿನವರೆಗೆ, ಪಾದ್ರಿಯ ಪ್ರಶ್ನೆಗೆ ಉತ್ತರ ‘ಐ ವಿಲ್’. ಶಾಲೆಯಲ್ಲಿ ಇದನ್ನು ಭವಿಷ್ಯತ್ಕಾಲ ಎಂದು ಕಲಿತವರು ಮುಂದೆಂದೋ ಮಾಡುವ ಕೆಲಸದ ಮಾತೆಂದುಕೊಳ್ಳುತ್ತಾರೆ. ಇಲ್ಲಿ ಅದು ಸಂಕಲ್ಪ, ನನಗೆ ಮನಸ್ಸಿದೆ ಎಂಬ ಘೋಷಣೆ. ಕೇಳುವ ಪ್ರಶ್ನೆ ಪ್ರೀತಿ ಇದೆಯೇ ಎಂದಲ್ಲ, ಪ್ರೀತಿಸುವ ಮನಸ್ಸು ಮಾಡುತ್ತೀಯಾ ಎಂದು. ಇಂಗ್ಲಿಷಿನ ಇಡೀ ಮದುವೆ ಶಬ್ದಭಂಡಾರದಲ್ಲಿ ನನಗೆ ಇದಕ್ಕಿಂತ ದೊಡ್ಡ ಮಾತು ಕಾಣದು.

ಹಳೆಯ ವಿಧಿಯಲ್ಲಿ ಹೆಣ್ಣಿನ ವವ್‌ಗೆ, ಅಂದರೆ ಪ್ರತಿಜ್ಞೆಗೆ ಮಾತ್ರ ‘ಒಬೇ’ ಎಂಬ ಪದ ಸೇರಿತ್ತು: ಗಂಡನ ಮಾತಿಗೆ ನಡೆದುಕೊಳ್ಳುತ್ತೇನೆ ಎಂದು. ಮುಂದೆ ರಾಣಿಯಾದ ಎಲಿಜಬೆತ್ 1947ರ ತನ್ನ ಮದುವೆಯಲ್ಲಿ ಆ ಪದವನ್ನು ಹೇಳಿದಳು. 1981ರಲ್ಲಿ ಸೇಂಟ್ ಪಾಲ್ಸ್ ಕತೀಡ್ರಲಿನಲ್ಲಿ ಅವಳ ಸೊಸೆಯಾಗಿ ಬಂದ ಡಯಾನಾ ಹೇಳಲಿಲ್ಲ. ಬಟ್ಟೆ, ಹೂವು, ರಥಗಳ ಬಗ್ಗೆ ಪತ್ರಿಕೆಗಳು ಪುಟಗಟ್ಟಲೆ ಬರೆದ ಆ ಮದುವೆಯಲ್ಲಿ ನಿಜವಾಗಿ ಬದಲಾದದ್ದು ಈ ಒಂದು ಪದ ಎಂದೇ ನನ್ನ ಎಣಿಕೆ.

ಇದೆಲ್ಲ ದೂರದವರ ಸಂಗತಿ ಅನ್ನಿಸಿದರೆ ನಮ್ಮದೇ 1954ರ ವಿಶೇಷ ವಿವಾಹ ಕಾಯ್ದೆಯನ್ನು ತೆರೆದು ನೋಡಬೇಕು. ಮದುವೆಗೆ 30 ದಿನ ಮುಂಚೆ ನೋಟಿಸ್ ಕೊಡಬೇಕು, ಅದನ್ನು ವಿವಾಹಾಧಿಕಾರಿಯ ಕಚೇರಿಯಲ್ಲಿ ಎಲ್ಲರಿಗೂ ಕಾಣುವಂತೆ ಹಚ್ಚುತ್ತಾರೆ, ಆಕ್ಷೇಪ ಇದ್ದವರು ಹೇಳಬಹುದು. ಬ್ಯಾನ್ಸ್‌ನ ನೆರಳು ಇಲ್ಲಿಯೂ ಬಿದ್ದಿದೆ. ಯಾರಿಗೂ ತಿಳಿಸದೆ ಮದುವೆಯಾಗಲು ಬಂದ ಜೋಡಿಗೆ ಆ ಮೂವತ್ತು ದಿನ ಎಷ್ಟು ಭಯದ್ದಾಗಬಹುದು ಎಂಬುದನ್ನೂ ಮರೆಯಬಾರದು. ಕೊನೆಗೆ ಅಧಿಕಾರಿ ಮತ್ತು ಮೂವರು ಸಾಕ್ಷಿಗಳ ಎದುರು ಗಂಡು ಹೆಣ್ಣು ಒಬ್ಬರಿಗೊಬ್ಬರು, ನಿನ್ನನ್ನು ಕಾನೂನುಬದ್ಧ ಪತಿಯಾಗಿ, ಪತ್ನಿಯಾಗಿ ಸ್ವೀಕರಿಸುತ್ತೇನೆ ಎಂದು ಬಾಯಿಬಿಟ್ಟು ಹೇಳಬೇಕು. ಹೇಳದಿದ್ದರೆ ಮದುವೆ ಪೂರ್ಣವಾಗುವುದಿಲ್ಲ. ಇಬ್ಬರಿಗೂ ಅರ್ಥವಾಗುವ ಯಾವ ಭಾಷೆಯಲ್ಲಾದರೂ ಹೇಳಬಹುದೆಂದು ಕಾಯ್ದೆಯೇ ಬರೆದಿದೆ. ಇಂಗ್ಲಿಷ್ ಬಾರದ ಜೋಡಿ ಅಲ್ಲಿ ತಡವರಿಸಬೇಕಾಗಿಲ್ಲ. ಕನ್ನಡದಲ್ಲಿ ಹೇಳಿದರೂ ಅದು ಕಾನೂನಿಗೆ ಅಷ್ಟೇ ಸಿಂಧು.